ಮೊದಲು ಕಣ್ಣು, ಆಮೇಲೆ ತಲೆ

ಹೆತ್ತೂರು
ಭಾನುವಾರ, 9 ನವೆಂಬರ್ 2025

ಪ್ರೀತಿಯ ದ್ರಾಕ್ಷಾಯಣಿ ಅಕ್ಕನಿಗೆ,

ನಿಮ್ಮ ಪೂಜಿತಾಳ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ ಅಂತ ಬರೆದು ಮುಂದೆ ಹೋಗುತ್ತೇನೆ, ಹಾಗೆ ಬರೆಯೋದು ರೂಢಿ. ಧಾರವಾಡದಲ್ಲಿ ನೀವು, ಭಾವ, ಪುಟ್ಟಿ ಮೂವರೂ ಸೌಖ್ಯ ಅಂದುಕೊಂಡಿದ್ದೇನೆ.

ತುಂಬಾ ತಡವಾಯಿತು, ಬೈಕೋಬೇಡಿ. ನನ್ನ ಮಗನಿಗೆ ಅಂತ ನೀವು ಕಳಿಸಿದ ಉಲ್ಲನ್ ಟೋಪಿ, ಗಿಲಕಿ ಎರಡೂ ದಸರಾಕ್ಕೆ ಮೊದಲೇ ಬಂದವು. ಆಮೇಲೆ ನೀವು ವಾಟ್ಸಾಪಿನಲ್ಲಿ ಕೇಳಿದ್ದು ಒಂದೇ ಮಾತು: "ಯಾವ ಬಣ್ಣ ಇಷ್ಟ ಅವನಿಗೆ? ಇನ್ನೊಂದು ಟೋಪಿ ಹೆಣೀತೀನಿ." ಉತ್ತರ ಟೈಪ್ ಮಾಡೋದು, ಅಳಿಸೋದು, ಇದೇ ಆಯಿತು. ಅದಕ್ಕೇ ಕಾಗದ ಹಿಡಿದೆ. ಪೆನ್ನಲ್ಲಿ ಬರೆದರೆ ಸುಲಭಕ್ಕೆ ಹಿಂದಕ್ಕೆ ಹೋಗೋಕಾಗಲ್ಲ.

ಉತ್ತರ ಇಷ್ಟು ಅಕ್ಕ. ಅವನಿಗೆ ಯಾವ ಬಣ್ಣ ಇಷ್ಟ ಅಂತ ನನಗೆ ಗೊತ್ತಿಲ್ಲ. ಅವನಿಗೆ ಕಣ್ಣು ಕಾಣಿಸುತ್ತೋ ಇಲ್ಲವೋ ಅನ್ನೋದೇ ಗೊತ್ತಿಲ್ಲ. ಮಂಗಳವಾರ ಹಾಸನಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇವೆ.

ಬರೆದಾಯ್ತು. ಒಲೆ ಮೇಲೆ ಹಾಲಿದೆ, ಉಕ್ಕದ ಹಾಗೆ ನೋಡಿಕೊಂಡೇ ಬರೀತಿದ್ದೇನೆ. ನಿದ್ದೆ ಇಲ್ಲದೆ ಎಲ್ಲವೂ ಪಕ್ಕದ ಮನೆಯಲ್ಲಿ ನಡೆಯುವ ಹಾಗೆ ಕೇಳಿಸುತ್ತೆ.

ನೀವು ನಾಮಕರಣಕ್ಕೆ ಬರೋಕಾಗಲಿಲ್ಲ. ಹೆಸರು ಗುಂಡಯ್ಯ ಅಂತಲೇ ಆಯಿತು, ಇವರ ತಾತನ ಹೆಸರು. ನಾವೆಲ್ಲ ಗುಂಡ ಅಂತೀವಿ. ಅತ್ತೆ ಮಾತ್ರ ತಮ್ಮ ಮಾವನ ಹೆಸರು ಬಾಯಲ್ಲಿ ಹೇಳೋದಿಲ್ಲ. ಅವರ ಪಾಲಿಗೆ ಅವನು "ಸಾಮಿ".

ಸ್ಟುಡಿಯೋ ಸುದ್ದಿ ಹೇಳಬೇಕು. ಅದನ್ನು ಹೇಳದೆ ಇದೂ ಅರ್ಥವಾಗೋದಿಲ್ಲ.

ನಮ್ಮ ಗೀಜಗ ಕಾರ್ಟೂನ್ ಸ್ಟುಡಿಯೋ ಕಾಫಿ ಮೂಟೆ ಇಡುತ್ತಿದ್ದ ಅದೇ ಹಳೇ ಸ್ಟೋರಿನಲ್ಲೇ ಇದೆ. ಮಳೆಗಾಲದಲ್ಲಿ ಕಂಪ್ಯೂಟರುಗಳಿಗೆ ಬೂಷ್ಟು ಹಿಡಿಯದಿರಲಿ ಅಂತ ನೀವು ಟೇಬಲ್ ಕೆಳಗೆ ಹಚ್ಚಿಡುತ್ತಿದ್ದ ಬಲ್ಬು ಈಗಲೂ ಉರಿಯುತ್ತೆ. ಹೊಸದಾಗಿ ಸೇರಿದವರಿಗೆ ಸುನಿಲಣ್ಣ ಈಗಲೂ ನೀವಿಬ್ಬರೂ ಸ್ಟುಡಿಯೋ ಶುರು ಮಾಡಿದ ಪುರಾಣ ಒಪ್ಪಿಸ್ತಾರೆ. ಸಕಲೇಶಪುರದಲ್ಲಿ ಗೊಬ್ಬರದಂಗಡಿ ಮಹಡಿ ಮೇಲೆ ಒಂದೇ ಕಂಪ್ಯೂಟರು, ಅದರಲ್ಲಿ ನೀವೂ ಅವರೂ ಪಾಳಿ ಹಾಕಿಕೊಂಡು ಮದುವೆ ವಿಡಿಯೋಗಳಿಗೆ ಹಾರೋ ಗುಲಾಬಿ, ತಿರುಗೋ ಹೃದಯ ಮಾಡಿದ್ದು. ಒಂದು ಮದುವೆಯಲ್ಲಿ ಗಂಡಿನ ಹೆಸರಿನ ಜೊತೆ ಬೇರೆ ಮದುವೆಯ ಹೆಣ್ಣಿನ ಹೆಸರು ತಿರುಗಿಸಿಬಿಟ್ಟಿದ್ದು. "ಆಮೇಲೆ ಹೊಡೆತ ತಿಂದೋನು ನಾನು, ನಿಮ್ಮ ದ್ರಾಕ್ಷಾಯಣಕ್ಕ ಬಾತ್‌ರೂಮ್ ಸೇರ್ಕಂಡಿದ್ದಳು," ಅಂತಾರೆ. ನಿಜವೋ ಸುಳ್ಳೋ ನೀವೇ ಹೇಳಬೇಕು.

ಜಿಗಣೆ ಕಥೆಯೂ ಹಾಗೇ. ಮೊದಲ ಸಲ ವಿದೇಶದ ಮಕ್ಕಳ ಧಾರಾವಾಹಿ ಕೆಲಸ ಸಿಕ್ಕಾಗ, ಹುಡುಗ ತೋಟದಿಂದ ಮನೆಯೊಳಗೆ ಬರುವ ಶಾಟ್ ಮಾಡಿದ್ದೆವಲ್ಲ. ನಮ್ಮವರ್ಯಾರಿಗೂ ಅದು ತಪ್ಪು ಅಂತಲೇ ಅನ್ನಿಸಲಿಲ್ಲ. ಹುಡುಗ ಹೊಸ್ತಿಲು ದಾಟಿದ, ಬಗ್ಗಿ ಎರಡೂ ಹಿಮ್ಮಡಿ ನೋಡಿಕೊಂಡ, ಆಮೇಲೆ ಒಳಗೆ ಹೋದ. ಅಲ್ಲಿಂದ ಕೇಳಿದರು, ಈ ಹುಡುಗ ಪ್ರತಿ ಸಲ ಒಳಗೆ ಬಂದು ಏನು ಹುಡುಕುತ್ತಾನೆ ಅಂತ. ನಮಗೆ ಜಿಗಣೆ ಹತ್ತಿದೆಯೋ ಅಂತ ಕಾಲು ನೋಡಿಕೊಳ್ಳದೆ ಒಳಗೆ ಬರೋ ಮನುಷ್ಯ ಇರುತ್ತಾನೆ ಅಂತಲೇ ಗೊತ್ತಿರಲಿಲ್ಲ. ನೀವು ಮಾತ್ರ ನಗಲಿಲ್ಲ. "ತಪ್ಪಾದ್ರೂ ನೋಡಿ ಮಾಡಿದ ತಪ್ಪು. ಊಹೆ ಮಾಡಿ ಮಾಡಿದ ಸರಿಗಿಂತ ಮೇಲು," ಅಂದಿರಿ.

ನಾನು ಅದನ್ನೇ ಹಿಡಿದುಕೊಂಡೆ ಅಕ್ಕ. ಏನೇ ಮಾಡೋದಿದ್ದರೂ ಮೊದಲು ಮನೆಯವರನ್ನ ಮೊಬೈಲಿನಲ್ಲಿ ಹಿಡಿದು, ಅದನ್ನ ನೋಡಿಕೊಂಡು ಒಂದೊಂದೇ ಚಿತ್ರ ಕೂರಿಸೋದು. ಮಾವನ ನಡಿಗೆ ಒಂದು ಕರಡಿಗೆ ಹೋಗಿದೆ. ಅತ್ತೆ ಮೊರದಲ್ಲಿ ಅಕ್ಕಿ ಕೇರೋದು ಒಂದು ಮೊಲಕ್ಕೆ.

ಈಗ ನಡೀತಿರೋದು ಆನೆಮರಿಯ ಧಾರಾವಾಹಿ. ನಮ್ಮೂರ ಸುತ್ತ ಆನೆಗೇನು ಬರವಿಲ್ಲ, ಆದರೆ ಹತ್ತಿರ ಹೋಗಿ ಮೊಬೈಲ್ ಹಿಡಿಯೋರು ಯಾರು? ಹೆರಿಗೆ ರಜೆ ಮುಗಿಸಿ ನಾನು ಗುಂಡನನ್ನ ಕಟ್ಟಿಕೊಂಡೇ ಕೆಲಸಕ್ಕೆ ಹೋದೆ, ಸ್ಟೋರಿನ ತೊಲೆಗೆ ಸೀರೆ ಜೋಲಿ ಕಟ್ಟಿದೆ. ಮರಿ ಮಲಗಿರುತ್ತೆ, ತಾಯಿ ಬರುತ್ತೆ, ಮರಿ ತಾಯಿಯನ್ನ ಮೊದಲ ಸಲ ನೋಡುತ್ತೆ, ಈ ಶಾಟ್ ನನ್ನ ಪಾಲಿಗೆ ಬಂತು. ಸುನಿಲಣ್ಣ ಜೋಲಿ ಕಡೆ ತೋರಿಸಿ, "ಮರಿ ಇಲ್ಲೇ ಐತಲ್ಲಮ್ಮ, ಶೂಟ್ ಮಾಡ್ಕೊ," ಅಂದರು.

ಮಾಡಿಕೊಂಡೆ. ಅವನನ್ನ ಚಾಪೆ ಮೇಲೆ ಮಲಗಿಸಿ, ಪಕ್ಕದಿಂದ "ಗುಂಡಾ" ಅಂದೆ. ತಿರುಗಿದ. ಅದನ್ನೇ ಇಟ್ಟುಕೊಂಡು ಒಂದು ಕೂದಲೂ ಆಚೀಚೆ ಆಗದ ಹಾಗೆ ಮರಿಗೆ ಕೂರಿಸಿದೆ. ಎಲ್ಲರೂ ಬಂದು ನೋಡಿದರು. ಚೆನ್ನಾಗಿದೆ ಅಂದರು.

ಕೆಲಸ ಕೊಟ್ಟ ಕಂಪನಿಯಿಂದ ವಾಪಸ್ ಬಂದ ಶಾಟ್‌ಗಳ ತಪ್ಪುಗಳನ್ನ ಸುನಿಲಣ್ಣ ಎಲ್ಲರ ಮುಂದೆ ಗಟ್ಟಿಯಾಗಿ ಓದ್ತಾರಲ್ಲ, ನೀವೇ ಶುರು ಮಾಡಿದ ಪದ್ಧತಿ. ನನ್ನದು ಬಂದಾಗ ಓದಿದರು: "ಮರಿ ಬಹಳ ಸಹಜವಾಗಿದೆ. ಆದರೆ ಅದಕ್ಕೆ ಕಣ್ಣು ಕಾಣಿಸದು ಅನ್ನೋ ಹಾಗಿದೆ. ಅದು ಅಮ್ಮನನ್ನು ನೋಡಲಿ."

ಶೃತಿ, ನಿಮ್ಮ ಜಾಗದಲ್ಲಿ ಕೂರುವ ಹುಡುಗಿ, "ಪೂಜಿ, ನಿನ್ ಮರಿಗೊಂದು ಕನ್ನಡಕ ಹಾಕ್ಸೇ ಮಾರಾಯ್ತಿ," ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಊಟ ಆದಮೇಲೆ ಶಾಟ್ ಒಂದು ಕಡೆ, ಗುಂಡನ ವಿಡಿಯೋ ಒಂದು ಕಡೆ ಇಟ್ಟು ನಿಧಾನಕ್ಕೆ ಓಡಿಸಿದೆ. ನಾನು ಸೇರಿದ ಮೊದಲ ದಿನ ನೀವು ಕಲಿಸಿದ್ದು ಏನು? "ಜೀವ ಇರೋ ಯಾವುದೇ ಆಗಲಿ, ನೋಡೋವಾಗ ಮೊದಲು ಕಣ್ಣು, ಆಮೇಲೆ ತಲೆ, ಕೊನೆಗೆ ಮೈ." ಗುಂಡನದು ಹಾಗಿರಲಿಲ್ಲ. ಸದ್ದಿನ ಕಡೆಗೆ ಕಿವಿ ಮುಂದಾಗಿ ತಲೆ ಮೊದಲು ಬಂತು. ಕಣ್ಣು ತಲೆಯ ಜೊತೆ ಸುಮ್ಮನೆ ಬಂತು, ಜೋಲಿಯಲ್ಲಿ ಕೂಸು ಬಂದ ಹಾಗೆ. ಬಂದು ಎಲ್ಲೂ ನಿಲ್ಲಲಿಲ್ಲ. ನಾನು ಕೂರಿಸಿದ್ದರಲ್ಲಿ ತಪ್ಪಿರಲಿಲ್ಲ ಅಕ್ಕ. ಅವನದು ಹೇಗಿತ್ತೋ ಹಾಗೇ ಮಾಡಿದ್ದೆ.

ಮನೆಯಲ್ಲಿ ಹೇಳಿದೆ. ಇವರು ಎಸ್ಟೇಟಿನಿಂದ ಆಗತಾನೇ ಬಂದಿದ್ದರು, ಆಳುಗಳ ಹಾಜರಿ ಬರೆದೂ ಬರೆದೂ ರೈಟರ್ ಕೆಲಸದವರಿಗೆ ಮನೆಯಲ್ಲಿ ಮಾತೇ ಇರೋದಿಲ್ಲ. "ಬೊಂಬೆ ಮಾಡಿ ಮಾಡಿ ಮಗನ್ನೂ ಬೊಂಬೆ ತರ ನೋಡ್ತೀಯ ನೀನು," ಅಂದರು. ಸಿಟ್ಟಿನಲ್ಲಲ್ಲ, ಹೆದರಿಕೊಂಡು.

ಅತ್ತೆ ಒಪ್ಪಲೇ ಇಲ್ಲ. "ನಾ ಬಂದ್ರೆ ಸಾಕು ಸಾಮಿ ತಿರುಗ್ತದೆ. ಕಣ್ಣು ಕಾಣ್ದೆ ತಿರುಗ್ತದಾ?"

"ಒಂದ್ಸಲ ಬಳೆ ಬಿಚ್ಚಿಟ್ಟು ಬನ್ನಿ ಅತ್ತೆ," ಅಂದೆ.

"ಗಂಡ ಗುಂಡುಕಲ್ಲಂಗೆ ಕೂತವ್ರೆ, ಬಳೆ ಬಿಚ್ಚು ಅಂತೀಯಲ್ಲವ್ವ. ನಿದ್ದೆಗೆಟ್ಟು ತಲೆ ಕೆಟ್ಟೈತೆ ನಿಂಗೆ."

ಜಗಲಿಯಿಂದ ಮಾವ, "ಬಿಚ್ಚಬ್ಯಾಡ, ಟವಲ್ ಸುತ್ಕೊಳೇ. ನಾನೇನ್ ಈಗ್ಲೇ ಹೋಗಾಕಿಲ್ಲ," ಅಂದರು.

ಅತ್ತೆ ಗೊಣಗುತ್ತಾ ಎರಡೂ ಕೈಗೆ ಟವೆಲ್ ಸುತ್ತಿಸಿಕೊಂಡರು. ಸದ್ದಿಲ್ಲದೆ ಹೋಗಿ ಅವನ ಮುಖದ ಎದುರಿಗೇ ಕೂತರು. ನಕ್ಕರು, ಹುಬ್ಬು ಹಾರಿಸಿದರು, ನಾಲಿಗೆ ಚಾಚಿದರು. ಗುಂಡ ಕಾಲ್ಬೆರಳು ಹಿಡಿಯೋದರಲ್ಲೇ ಇದ್ದ. ಅತ್ತೆ ಇನ್ನೂ ಹತ್ತಿರ ಬಗ್ಗಿದರು. ಟವೆಲ್ ಜಾರಿತು, ಬಳೆ ಘಲ್ ಅಂತು. ಅವನು ಕಾಲು ಬಿಟ್ಟು ತಿರುಗಿದ, ನಕ್ಕ.

ಅತ್ತೆ ಟವೆಲ್ ಮಡಿಸಿ ಒಳಗಿಟ್ಟರು. ಅವತ್ತಿನಿಂದ ಅವನ ಹತ್ತಿರ ಬರುವಾಗ ಬೇಕಂತಲೇ ಕೈ ಆಡಿಸಿಕೊಂಡು ಬರ್ತಾರೆ. ರಾತ್ರಿ ಇವರೇ, "ಹಾಸನಕ್ಕೆ ಹೋಗಿ ಬರಣ. ಏನಿಲ್ಲ ಅಂದ್ಬುಟ್ರೆ ನೀನಾದ್ರೂ ಮಲಗ್ತೀಯ," ಅಂದರು.

ಶಾಟ್ ಇನ್ನೂ ಹಾಗೇ ಇಟ್ಟಿದ್ದೇನೆ. ತಿದ್ದೋದು ಗೊತ್ತಿಲ್ಲ ಅಂತಲ್ಲ. ತಿದ್ದಿದರೆ, ಕಣ್ಣು ಕಾಣಿಸದು ಅಂತ ಅವರು ಹೇಳಿದ್ದನ್ನ ನಾನು ಒಪ್ಪಿದ ಹಾಗೆ. ಸುನಿಲಣ್ಣ ಎರಡು ಸಲ ಕೇಳಿದರು. ಮೂರನೇ ಸಲ ಕೇಳೋಕೆ ಬಂದು, ಜೋಲಿ ನೋಡಿ, ಹಾಗೇ ಹೋದರು. ಯಾರೋ ಹೇಳಿರಬೇಕು. ಶೃತಿ ನನ್ನ ಡಬ್ಬಿಗೆ ತನ್ನ ಪಲ್ಯ ಬಡಿಸ್ತಾಳೆ, ಮುಖ ನೋಡೋದಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರಲಿ ಅಂತ ಕಾದೆ, ಬರಲಿಲ್ಲ. ಅಳುವೂ ಅಷ್ಟೇ.

ಹಾಲು ಉಕ್ಕಿತು ಅಕ್ಕ. ನೋಡ್ತಾನೇ ಇದ್ದೆ, ಆದರೂ ಉಕ್ಕಿತು. ಒರೆಸಿ ಬಂದೆ.

ಭಾವನಿಗೆ ನನ್ನ ನಮಸ್ಕಾರ ಹೇಳಿ. ಪುಟ್ಟಿ ಚೆನ್ನಾಗಿ ಓದಲಿ, ನಿಮ್ಮ ಹಾಗೆ ಎದೆಗಾರಿಕೆಯ ಹೆಣ್ಣಾಗಲಿ. ನಮ್ಮ ಗುಂಡನ ತಲೆ ಮೇಲೆ ಇಲ್ಲಿಂದಲೇ ನಿಮ್ಮ ಕೈ ಇಟ್ಟುಕೊಳ್ಳುತ್ತೇನೆ, ಇಟ್ಟಿದ್ದೀರಿ ಅಂತ ತಿಳಿಯುತ್ತೇನೆ.

ನಿಮ್ಮ
ಪೂಜಿತಾ

ಮರೆತ ಮಾತು: ಗುರುವಾರ. ಕಾಗದ ಅಂಚೆಗೆ ಹಾಕಿರಲಿಲ್ಲ. ಹಾಸನಕ್ಕೆ ಹೋಗಿ ಬಂದೆವು. ಕಣ್ಣುಗಳು ಹೊರಗಿನಿಂದ ಚೆನ್ನಾಗೇ ಇವೆಯಂತೆ, ಒಳಗೆ ಮೆದುಳಿಗೆ ಹೋಗೋ ನರ ಬೆಳೆದಿಲ್ಲವಂತೆ, ಎರಡೂ ಕಡೆ. ಬೆಳಕು ಕತ್ತಲೆ ಗೊತ್ತಾಗಬಹುದು, ಅದಕ್ಕಿಂತ ಹೆಚ್ಚು ಆಸೆ ಬೇಡ ಅಂದರು. ಟೋಪಿ ಯಾವ ಬಣ್ಣದ್ದಾದರೂ ಸರಿ ಅಕ್ಕ, ಮೆತ್ತಗಿರಲಿ.

ನಿನ್ನೆ ಶಾಟ್ ತಿದ್ದಿದೆ. ಕಣ್ಣನ್ನ ಸ್ವಲ್ಪ ಮುಂಚೆ ಹೊರಳಿಸಿದೆ, ತಲೆಯನ್ನ ಸ್ವಲ್ಪ ತಡ ಮಾಡಿದೆ, ಅಷ್ಟೇ. ಒಂದು ಲೋಟ ಕಾಫಿ ಆರುವಷ್ಟೂ ಹೊತ್ತು ಹಿಡಿಯಲಿಲ್ಲ. ಮರಿಗೆ ಕಣ್ಣು ಬಂತು. ಅಮ್ಮನನ್ನ ನೋಡಿತು. ಇವತ್ತು ಪಾಸಾಯಿತು ಅಂತ ಸುನಿಲಣ್ಣ ಓದಿದರು, ಯಾರೂ ಚಪ್ಪಾಳೆ ತಟ್ಟಲಿಲ್ಲ.

ಪಾಸಾದ ಮೇಲೆ ಹಳೇದನ್ನ ಅಳಿಸಬೇಕು ಅಂತ ನಿಯಮ ಇದೆ, ಅದೂ ನಿಮ್ಮದೇ. ನಾನು ಅಳಿಸಿಲ್ಲ. ಆ ಹಳೇ ಶಾಟ್‌ನಲ್ಲಿ ಕಣ್ಣು ಕಾಣದೆಯೂ ಅವನು ತಿರುಗೋದು ನನ್ನ ಕಡೆಗೇ.