ಬೀದಿಯ ಮುಚ್ಚಳ

ಮನೆಯಿಂದ,
ಶುಕ್ರವಾರ, ೧೪ನೇ ತಾರೀಕು

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ.

ಲಾರಿಯಲ್ಲಿ ಕೂತೂ ಕೂತೂ ಹಿಡಿದಿದ್ದ ನಿನ್ನ ಬೆನ್ನು ದೇವರ ದಯದಿಂದ ಸರಿಹೋಗಿರಬೇಕು. ಹೊತ್ತಿಗೆ ಸರಿಯಾಗಿ ಉಣ್ಣು, ಬರೀ ಚಹಾದಲ್ಲಿ ಹೊಟ್ಟೆ ತುಂಬಿಸಬೇಡ. ನಿನ್ನ ಮಗಳು ಗುಬ್ಬಿ ಚೆನ್ನಾಗಿದ್ದಾಳೆ. ಬೆಳೆದ ರಭಸಕ್ಕೆ ಲಂಗವೆಲ್ಲ ಮೊಣಕಾಲಿಗೆ ಬಂದಿದೆ. ಬಾಯಿ ಮಾತ್ರ ನಿನ್ನದೇ, ಒಂದಕ್ಕೆ ಎರಡು. ಮುಂದಿನದು ಫೋನಿನಲ್ಲಿ ಆಡುವ ಮಾತಲ್ಲ, ಅದಕ್ಕೇ ಬರೆದು ನಿಮ್ಮ ಲಾರಿಯವರ ಕೈಯಲ್ಲಿ ಕಳಿಸುತ್ತಿದ್ದೇನೆ.

ಬೀದಿಯಲ್ಲಿ ಎಲ್ಲರಿಗೂ ಸೇರಿದ ಒಂದು ವಸ್ತುವನ್ನು ಪ್ರತಿ ಮಗುವೂ ತನ್ನದೆಂದು ನೋಡಿಕೊಳ್ಳಬೇಕು ಅಂತ ಶಾಲೆಯ ಮೇಡಂ ಹೇಳಿದರಂತೆ. ಒಬ್ಬಳು ನಲ್ಲಿ ಆರಿಸಿಕೊಂಡಳು, ಇನ್ನೊಬ್ಬ ದೀಪದ ಕಂಬ. ನಮ್ಮ ಗುಬ್ಬಿ ಆರಿಸಿಕೊಂಡದ್ದು ತಿರುವಿನ ಚರಂಡಿ ಗುಂಡಿ. ಎದುರು ಮನೆ ಟೈಲರಮ್ಮನ ಮಗ ಬಿದ್ದು ಸತ್ತನಲ್ಲ, ಅದೇ. ಮಳೆನೀರು ನಿಂತಿತ್ತು, ಮುಚ್ಚಳ ಇಲ್ಲದ್ದು ಆ ಕೂಸಿಗೆ ಕಾಣಲಿಲ್ಲ. ಆ ಸುದ್ದಿ ಕೇಳಿದ ಮೇಲೆ ನೀನು ಮನೆ ಕಡೆ ತಲೆ ಹಾಕಿಲ್ಲ.

ಈಗ ಅದಕ್ಕೆ ಹಲಗೆ ಅಡ್ಡ ಹಾಕಿದ್ದಾರೆ. ಗುಬ್ಬಿ ಹುರಿ ಹಿಡಿದು ಗುಂಡಿಯ ಅಗಲ ಅಳೆದಳು. "ಮುಚ್ಚಳ ಹುಡುಕದೆ ಬಿಡಲ್ಲ ಅತ್ತೆ" ಅಂತ ಬೀದಿಯೆಲ್ಲ ತಿರುಗಿದಳು. "ಬಂದಳಪ್ಪ ಪೊಲೀಸಮ್ಮ" ಅಂತ ನಾನೇ ನಗುತ್ತಿದ್ದೆ. ನಿನ್ನೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಬಂದು ನನ್ನ ಕಾಲಬುಡದಲ್ಲೇ ಹುರಿ ಹಿಡಿದಳು. ಬಚ್ಚಲ ಗುಂಡಿಯ ಮೇಲೆ ನೀನು ಹಾಕಿಕೊಟ್ಟ ಕಬ್ಬಿಣದ ಮುಚ್ಚಳ, ತಮ್ಮಾ. "ಗುಜರಿಯಲ್ಲಿ ಸಿಕ್ತು ಕಣಕ್ಕಾ, ಇನ್ನು ವಾಸನೆ ಬರಲ್ಲ" ಅಂದಿದ್ದೆ. ಸೋಪಿನ ಜಿಡ್ಡು ಉಜ್ಜಿದರೆ ನಗರಸಭೆಯ ಮುದ್ರೆ ಎದ್ದು ಕಂಡಿತು. ಅಳತೆಯೂ ಕೂಡಿತು. ಗುಬ್ಬಿ ಕೂಗಾಡಲಿಲ್ಲ. "ಅಪ್ಪ ಇದನ್ನ ಅಲ್ಲಿಂದಲೇ ತಂದಿದ್ದಾ ಅತ್ತೆ?" ಅಂದಳು.

ನಿನ್ನೆಯಿಂದ ದೇವರ ಮುಂದೆ ಕಣ್ಣು ಮುಚ್ಚಿದರೆ, ಬಟ್ಟೆ ಕುಕ್ಕುವಾಗ ಆ ಕಬ್ಬಿಣದಡಿಯಿಂದ ಬರುವ ಸದ್ದೇ ಕೇಳುತ್ತದೆ. ಯಾರೋ ಕೆಳಗಿನಿಂದ ತಟ್ಟಿದ ಹಾಗೆ. ಇಷ್ಟು ದಿನ ಅದರ ಮೇಲೆ ದೇವರ ಹಾಡು ಹೇಳಿಕೊಂಡು ಒಗೆದೆನಲ್ಲ! ನಿನ್ನ ಅಂಗಿಗಳನ್ನೂ.

ಟೈಲರಮ್ಮನಿಗೆ ಹೇಳಿಯೇ ತೀರುತ್ತೇನೆ ಅನ್ನುತ್ತಾಳೆ ನಿನ್ನ ಮಗಳು. "ನಿಮ್ಮಪ್ಪ ಬಂದು ತಾನೇ ಹೇಳಲಿ, ಭಾನುವಾರದ ತನಕ ತಡಿ" ಅಂತ ಬೇಡಿಕೊಂಡಿದ್ದೇನೆ. ಲಾರಿ ಯಾರಿಗಾದರೂ ಒಪ್ಪಿಸಿ ಹೊರಟು ಬಾ. ಆ ತಾಯಿಗೆ ಇದು ಮಗುವಿನ ಬಾಯಿಂದ ತಿಳಿಯುವುದು ಬೇಡ.

ದೇವರು ನಿನ್ನ ಕಾಲಿಗೆ ಬಲ ಕೊಡಲಿ.

ನಿನ್ನ ಅಕ್ಕ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ನೋಡಿದರೆ ಗುಬ್ಬಿ ಮನೆಯಲ್ಲಿಲ್ಲ. ಬೆಳಿಗ್ಗೆಯಿಂದ ಓಡುತ್ತಿದ್ದ ಟೈಲರಮ್ಮನ ಹೊಲಿಗೆ ಯಂತ್ರ ನಿಂತಿದೆ. ನಾನೂ ಹೊರಟೆ. ನೀನು ನಿಲ್ಲಬೇಕಾದ ಕಡೆ ಮಗು ಒಬ್ಬಳೇ ನಿಂತಿದ್ದಾಳೆ.