ಸೀಟಿಗೆ ಬೇಕಾದ ಸಹಿ

ಕೊಡಿಗೇಹಳ್ಳಿ
12-6-2017, ಸೋಮವಾರ

ಪ್ರೀತಿಯ ಮಗಳು ರಮಾಳಿಗೆ, ನಿನ್ನ ಅಮ್ಮ ಮಾಡುವ ಆಶೀರ್ವಾದಗಳು.

ಹೇಗಿದ್ದೀಯೆ? ಅಳಿಯಂದಿರ ಸೊಂಟದ ನೋವು ಕಡಿಮೆಯಾಯಿತೆ? ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ನಿಂತು ಇಸ್ತ್ರಿ ಹಾಕಿ ನಿನ್ನ ಕಾಲು ಊದಿಕೊಳ್ಳುತ್ತದೆಂದು ನಿಮ್ಮ ಬಾಗಲಗುಂಟೆ ಕಡೆಯಿಂದ ಬಂದವರು ಯಾರೋ ಹೇಳಿದರು. ಬಿಸಿನೀರಿಗೆ ಕಲ್ಲುಪ್ಪು ಹಾಕಿ ಸ್ವಲ್ಪ ಹೊತ್ತು ಕಾಲಿಟ್ಟುಕೊಂಡು ಕೂರು. ನನ್ನದು ಏನು ಕೇಳುತ್ತೀ, ಸಕ್ಕರೆ ಕಾಯಿಲೆ ನನ್ನನ್ನು ಬಿಟ್ಟಿಲ್ಲ, ನಾನು ಬೆಲ್ಲದ ಕಾಫಿ ಬಿಟ್ಟಿಲ್ಲ. ಕೊಡಿಗೇಹಳ್ಳಿಯಿಂದ ನಿನ್ನ ಮನೆಗೆ ಎರಡು ಬಸ್ಸಿನ ದಾರಿ. ಒಂಬತ್ತು ವರ್ಷದಿಂದ ಅಮ್ಮ ಮಗಳು ಇಬ್ಬರಿಗೂ ಆ ಬಸ್ಸು ಸಿಕ್ಕಿಲ್ಲ ನೋಡು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಕಾಗದ. ಅಂದಿನ ಕಾಲಕ್ಕೆ ಏಳನೇ ಕ್ಲಾಸು ಓದಿದವಳು ನಾನು, ಈಗಲಾದರೂ ಅದು ಕೆಲಸಕ್ಕೆ ಬರಲಿ. ನಾನು ಬರೆದದ್ದನ್ನು ನಿನ್ನ ತಮ್ಮ ಮುನಿರಾಜು ಓದಿ ನೋಡಿಯೇ ಕವರಿಗೆ ಹಾಕುತ್ತಾನಂತೆ. ಓದಲಿ. ಚಿಕ್ಕವನಿದ್ದಾಗ ಪುಸ್ತಕ ಮುಟ್ಟದವನು, ನನ್ನ ಕಾಗದವನ್ನಾದರೂ ಓದುತ್ತಾನಲ್ಲ.

ವಿಷಯ ಇಷ್ಟೇ. ಅವನ ಮಗಳು ತೇಜಸ್ವಿನಿ ಪಿಯುಸಿ ಮುಗಿಸಿದ್ದಾಳೆ. ನೀನು ಅವಳನ್ನು ಕೊನೆಯದಾಗಿ ನೋಡಿದಾಗ ಎಂಟು ವರ್ಷದವಳು, ನಿನ್ನ ಸೆರಗು ಹಿಡಿದುಕೊಂಡು ಬಸ್‌ಸ್ಟಾಪಿನವರೆಗೂ ಬಂದಿದ್ದಳು. ಈಗ ನನಗಿಂತ ಒಂದು ಗೇಣು ಎತ್ತರ. ಬಯಾಲಜಿಯಲ್ಲಿ ಎಂಬತ್ತೆರಡು ಬಂದಿದೆ, ಲೆಕ್ಕದಲ್ಲಿ ನಲವತ್ತೊಂದು. ಸಿಇಟಿಯಲ್ಲಿ ಬಂದ ನಂಬರು ಎಷ್ಟು ಉದ್ದವಿದೆಯೆಂದರೆ ಫೋನ್ ನಂಬರೆಂದುಕೊಂಡೆ. ಮುನಿರಾಜುಗೆ ಅವಳು ಕಂಪ್ಯೂಟರ್ ಇಂಜಿನಿಯರೇ ಆಗಬೇಕು. ಸರ್ಕಾರಿ ಸೀಟು ಸಿಕ್ಕುವುದಿಲ್ಲ, ಹಾಗಾಗಿ ಯಲಹಂಕ ದಾಟಿದ ಮೇಲೆ ಬರುವ ಒಂದು ಖಾಸಗಿ ಯೂನಿವರ್ಸಿಟಿಗೆ ಸೇರಿಸುತ್ತೇನೆಂದು ಕುಳಿತಿದ್ದಾನೆ.

ನಿನ್ನೆ ನಾವೆಲ್ಲ ಹೋಗಿ ನೋಡಿಕೊಂಡು ಬಂದೆವು. ತನ್ನ ನೀರಿನ ಟ್ಯಾಂಕರ್ ಆ ಗೇಟಿನ ಮುಂದೆ ಕಾಣಬಾರದೆಂದು ಕಾರು ಬಾಡಿಗೆಗೆ ತಂದಿದ್ದ. ಒಳಗೆ ಕಾರಂಜಿಯಿದೆ. ನಮ್ಮ ಬೀದಿಗೆ ವಾರಕ್ಕೊಂದು ಸಲ ನೀರು ಬಿಡುತ್ತಾರೆ, ಅಲ್ಲಿ ನೀರು ಸುಮ್ಮನೆ ಮೇಲಕ್ಕೆ ಹಾರಿ ಕೆಳಕ್ಕೆ ಬೀಳುತ್ತಿತ್ತು. ತಂಪು ರೂಮಿನಲ್ಲಿ ಒಬ್ಬ ಹುಡುಗಿ ನಮ್ಮನ್ನು ಕೂರಿಸಿ ಕಾಫಿ ಕೊಟ್ಟಳು. ಬಹಳ ಮರ್ಯಾದೆ. ತೇಜಸ್ವಿನಿಗೆ ಏನು ಇಷ್ಟ, ಯಾವ ಪಾಠ ಕಷ್ಟ ಎಂದು ಒಂದು ಮಾತೂ ಕೇಳಲಿಲ್ಲ. ಸ್ವಂತ ಮನೆಯೋ ಬಾಡಿಗೆ ಮನೆಯೋ, ಊರಲ್ಲಿ ಎಷ್ಟು ಆಸ್ತಿ ಎಂದು ಮುನಿರಾಜುವನ್ನು ಕೇಳಿ ಬರೆದುಕೊಂಡಳು. ಹೆಣ್ಣು ನೋಡಲು ಬಂದವರು ಕೂಡ ಇದಕ್ಕಿಂತ ನಾಲ್ಕು ಮಾತು ಹುಡುಗಿಯ ಬಗ್ಗೆ ಕೇಳುತ್ತಾರೆ. ವರ್ಷಕ್ಕೆ ಎರಡೂಮುಕ್ಕಾಲು ಲಕ್ಷ, ನಾಲ್ಕು ವರ್ಷ. ಬಸ್ಸಿಗೆ ಬೇರೆ, ಪರೀಕ್ಷೆಗೆ ಬೇರೆ, ಲ್ಯಾಪ್‌ಟಾಪಿಗೆ ಬೇರೆ. ನಾಲ್ಕೇ ಸೀಟು ಉಳಿದಿವೆಯಂತೆ, ಶುಕ್ರವಾರ ಸಂಜೆಯೊಳಗೆ ಮೊದಲ ವರ್ಷದ್ದು ಕಟ್ಟದಿದ್ದರೆ ಸೀಟು ಇಲ್ಲವಂತೆ. ಹುಡುಗಿ ಲೆಕ್ಕದಲ್ಲಿ ಫೇಲಾದರೆ ಹೇಗಮ್ಮ ಎಂದು ನಾನು ಕೇಳಿದೆ. "ಅಜ್ಜಿ, ನಮ್ಮಲ್ಲಿ ಯಾರೂ ಫೇಲ್ ಆಗಲ್ಲ" ಎಂದು ನಕ್ಕಳು. ಪಾಸಾದವರೆಲ್ಲ ಏನು ಮಾಡುತ್ತಿದ್ದಾರೆ ಎಂದು ಕೇಳಿದೆ. ಗೋಡೆಯ ಮೇಲಿನ ಫೋಟೋ ತೋರಿಸಿದಳು. ಹತ್ತೋ ಹನ್ನೆರಡೋ ಮುಖಗಳಿದ್ದವು. ಅಲ್ಲಿ ಓದುವವರು ಎಷ್ಟು ಸಾವಿರವೋ ನಾನು ಕೇಳಲು ಹೋಗಲಿಲ್ಲ, ಮುನಿರಾಜು ಆಗಲೇ ನನ್ನ ಕಾಲು ತುಳಿದಿದ್ದ.

ಗೇಟಿನಲ್ಲಿ ಸೆಕ್ಯುರಿಟಿ ಡ್ರೆಸ್ ಹಾಕಿಕೊಂಡು ನಿಂತವನು ಯಾರೆಂದುಕೊಂಡೆ? ನನ್ನ ತವರಿನ ಸೊಣ್ಣಪ್ಪ, ನನ್ನ ಅಣ್ಣನ ಮಗ. ಆ ಕಟ್ಟಡ ನಿಂತಿರುವುದರಲ್ಲಿ ಒಂದೂವರೆ ಎಕರೆ ಅವರದೇ ರಾಗಿ ಹೊಲ. ಮಾರಿದ ದುಡ್ಡು ಮಗನ ಕಾರಿಗೂ ಮಗಳ ಮದುವೆಗೂ ಆಯಿತು, ಈಗ ಅದೇ ನೆಲವನ್ನು ಕಾಯುತ್ತಿದ್ದಾನೆ. ಕಾರಿನ ಕಿಟಕಿಗೆ ಬಗ್ಗಿ ನನ್ನ ಕಿವಿಯ ಹತ್ತಿರ ಅಂದ: "ಅತ್ತೆ, ಇಲ್ಲಿ ಸೇರ್ಸೋದು ಸುಲಭ ಕಣತ್ತೆ. ಎರಡ್ನೇ ವರ್ಷ ಫೀಸ್ ಕಟ್ಟಕಾಗ್ದೆ ಆಲ್‌ಟಿಕೆಟ್ ಕೊಡ್ದಿದ್ರೆ, ಈ ಗೇಟ್ತಾವ ನಿಂತ್ಕಂಡು ಅಪ್ಪ ಮಕ್ಳು ಇಬ್ರೂ ಅಳ್ತಾರೆ. ನಾನ್ ನೋಡಿವ್ನಿ." ಮುನಿರಾಜುಗೂ ಕೇಳಿಸಿತು. ಗೇಟ್ ಕಾಯುವವನಿಗೆ ಓದಿನ ವಿಷಯ ಏನು ಗೊತ್ತು ಎಂದು ದಾರಿಯುದ್ದಕ್ಕೂ ಬೈದುಕೊಂಡು ಬಂದ. ಹಿಂದಿನ ಸೀಟಿನಲ್ಲಿ ಸೊಸೆ ರಾಣಿಯ ಪಕ್ಕ ತೇಜಸ್ವಿನಿ ಕಾಲೇಜಿನವರು ಕೊಟ್ಟ ಬಣ್ಣದ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಒಂದು ಹಾಳೆಯನ್ನೂ ತಿರುಗಿಸದೆ ಕುಳಿತಿದ್ದಳು.

ನಿನ್ನ ತಮ್ಮನನ್ನು ಪೂರ್ತಿ ತಪ್ಪೆಂದು ಹೇಳಲಾರೆ ರಮಾ. ದಿನಕ್ಕೆ ಹನ್ನೆರಡು ಟ್ರಿಪ್ಪು ನೀರು ಹೊಡೆಯುತ್ತಾನೆ. ಹೆಬ್ಬಾಳದ ಅಪಾರ್ಟ್‌ಮೆಂಟಿನಲ್ಲಿ ಅವನಿಗೆ ಹೆಸರಿಲ್ಲ, "ಏಯ್ ಟ್ಯಾಂಕರ್" ಎಂದು ಮೇಲಿನಿಂದ ಕೂಗುತ್ತಾರೆ. ಕೂಗುವವರೆಲ್ಲ ಅವನಿಗಿಂತ ಚಿಕ್ಕವರು. ನಾನು ಬಿಎಸ್ಸಿ ಸಾಲದೇನಪ್ಪ ಎಂದಾಗ ಊಟದ ತಟ್ಟೆ ಮುಂದೆ ಇಟ್ಟುಕೊಂಡೇ ಅಂದ: "ನನ್ ಮಗ್ಳು ಆ ಬಾಲ್ಕನೀಲಿ ನಿಂತ್ಕಂಡು ಟ್ಯಾಂಕರ್ ಕರೀಬೇಕಮ್ಮ. ಇನ್ನೇನೂ ಬ್ಯಾಡ ನಂಗೆ." ಕಣ್ಣಲ್ಲಿ ನೀರಿತ್ತು. ಹೆತ್ತವಳಿಗೆ ಆ ಮಾತು ಚುಚ್ಚದೆ ಇರುತ್ತದೆಯೆ? ಬ್ಯಾಂಕಿಗೂ ಅಲೆದ. ನಮ್ಮದು ಬಿ ಖಾತೆ, ಪಕ್ಕಾ ದಾಖಲೆಯಲ್ಲ, ಅಷ್ಟು ದೊಡ್ಡ ಸಾಲಕ್ಕೆ ಆಗುವುದಿಲ್ಲವೆಂದು ಅವರು ಕಾಗದ ವಾಪಸ್ಸು ಕೊಟ್ಟರು. ಉಳಿದಿರುವುದು ಮನೆ ಹಿಂದಿನ ಇಪ್ಪತ್ತು ಮೂವತ್ತರ ಸೈಟು ಒಂದೇ. ಅದರಲ್ಲಿ ಎರಡು ಶೀಟಿನ ಮನೆಗಳಿವೆ, ಅವುಗಳ ಬಾಡಿಗೆಯಲ್ಲೇ ನನ್ನ ಮಾತ್ರೆ, ಎಲೆಅಡಿಕೆ ನಡೆಯುತ್ತದೆ. ಕೊಳ್ಳುವವನು ಸಿಕ್ಕಿದ್ದಾನೆ. ಸೈಟು ನಿಮ್ಮಪ್ಪನ ಹೆಸರಿನಲ್ಲೇ ಇರುವುದರಿಂದ ಅವನ ವಕೀಲರು ಪಿಳ್ಳಪ್ಪನ ಮಗಳ ಸಹಿಯೂ ಬೇಕೇ ಬೇಕು ಎಂದಿದ್ದಾರಂತೆ.

ಎರಡು ಸಾವಿರದ ಎಂಟರಲ್ಲಿ, ನಿಮ್ಮಪ್ಪ ಹೋದ ವರ್ಷವೇ, ರಸ್ತೆ ಪಕ್ಕದ ಹೊಲ ಮಾರಿದಾಗಲೂ ನೀನು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿದೆ. ನಮ್ಮ ಕಡೆ ಪದ್ಧತಿಯೇ ಅದು, ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ ಕೊಟ್ಟು ಹಕ್ಕು ಬಿಡಿಸಿಕೊಳ್ಳುವುದು. ನೀನು ಪೆನ್ನು ಹಿಡಿದುಕೊಂಡು ನನಗೇನೂ ಇಲ್ಲವಾ ಅಮ್ಮ ಎಂದು ಕೇಳಿದೆ. ನಾನು ಎಲ್ಲರ ಮುಂದೆ "ನಿಂಗೆ ತವರುಮನೆ ಐತಲ್ಲವ್ವ" ಅಂದೆ. ಆ ದುಡ್ಡು ಮೂರು ಮಹಡಿಯಾಗಿ, ಟ್ಯಾಂಕರಾಗಿ, ನೀರು ಬಾರದ ಎರಡು ಬೋರ್‌ವೆಲ್ ಆಗಿ ಹೋಯಿತು. ಮರುವರ್ಷ ಗೌರಿ ಹಬ್ಬಕ್ಕೆ ನಿನಗೆ ಬಾಗಿನ ಕಳಿಸಲು ಕೂಡ ಯಾರಿಗೂ ನೆನಪಾಗಲಿಲ್ಲ. ನನಗೆ ನೆನಪಿತ್ತು, ಬಾಯಿ ಬರಲಿಲ್ಲ. ನಿನ್ನ ಮಗ ಮುನೇಶ ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಪೀಣ್ಯದಲ್ಲಿ ಮೆಷಿನ್ ಮುಂದೆ ನಿಂತಿದ್ದಾನೆಂದು ಕೇಳಿದಾಗಲೂ ನಾನು ಒಂದು ರೂಪಾಯಿ ಕಳಿಸಲಿಲ್ಲ. ಈಗ ಇನ್ನೊಂದು ಮೊಮ್ಮಗುವಿನ ಓದಿಗೆಂದು ನಿನ್ನ ಮುಂದೆ ಕೈ ಚಾಚಿದ್ದೇನೆ. ಬರೆಯಲು ನಾಚಿಕೆಯಾಗುತ್ತದೆ. ಮುನಿರಾಜು ಬೇಕಾದರೆ ಈ ಸಾಲು ಹೊಡೆದುಹಾಕಲಿ.

ಗುರುವಾರ ಬೆಳಿಗ್ಗೆ ಅವನು ಕಾಗದಪತ್ರ ತೆಗೆದುಕೊಂಡು ನಿನ್ನ ಮನೆಗೆ ಬರುತ್ತಾನೆ. ಬಾಗಿಲು ತೆರೆ, ಒಡಹುಟ್ಟಿದವನು. ನಿನ್ನ ಪಾಲೆಂದು ಎರಡು ಲಕ್ಷ ಕೊಡುತ್ತಾನಂತೆ, ಜೊತೆಗೆ ಸೀರೆ. ಅಣ್ಣತಮ್ಮಂದಿರ ಹತ್ತಿರ ಪಾಲು ಕೇಳಿದ ಹೆಣ್ಣಿಗೆ ತವರಿಲ್ಲ ಎಂದು ನಮ್ಮಲ್ಲಿ ಹೇಳುವುದುಂಟು, ಅದನ್ನೂ ಬರೆ ಎಂದಿದ್ದ. ಬರೆದಿದ್ದೇನೆ. ಅವನು ಹೇಳು ಎಂದದ್ದೆಲ್ಲ ಇದರಲ್ಲಿ ಬಂದಿದೆ.

ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ಮುನೇಶನ ಕೈಬೆರಳು ಮೆಷಿನ್ನಿಗೆ ಸಿಗದಿರಲಿ, ನಿನ್ನ ಒಲೆ ಆರದಿರಲಿ, ನಮ್ಮೂರ ಮುನೇಶ್ವರ ನಿಮ್ಮನ್ನು ಕಾಯಲಿ.

ನಿನ್ನ ಹೆತ್ತಮ್ಮ,
ದೊಡ್ಡಮುನಿಯಮ್ಮ

ತಾ.ಕ.: ಮುನಿರಾಜು ಓದಿದ, ಸರಿಯಾಗಿದೆ ಅಂದ, ಕವರು ತರಲು ಅಂಗಡಿಗೆ ಹೋಗಿದ್ದಾನೆ. ಬರುವುದರೊಳಗೆ ಇದನ್ನು ಬರೆದು ಕಾಗದ ಮಡಚಿಡುತ್ತೇನೆ, ಅವನು ಮತ್ತೆ ಬಿಚ್ಚಿ ನೋಡುವುದಿಲ್ಲ. ಸಹಿ ಹಾಕಬೇಡ. ನಿನ್ನೆ ಅಲ್ಲಿ ಕೈ ತೊಳೆಯುವ ಜಾಗದಲ್ಲಿ ತೇಜಸ್ವಿನಿ ನನ್ನನ್ನು ತಬ್ಬಿಕೊಂಡು "ಅಜ್ಜೀ, ನಂಗೆ ಲೆಕ್ಕ ತಲೆಗೇ ಹತ್ತಲ್ಲ, ಇಲ್ಲಿಗೆ ಬಂದ್ರೆ ನಾನ್ ಉಳಿಯಲ್ಲ" ಅಂದಳು. ಅಪ್ಪನಿಗೆ ಹೇಳಲು ಅವಳಿಗೆ ಧೈರ್ಯವಿಲ್ಲ, ನನಗೂ ಇಲ್ಲ. ಯಲಹಂಕದ ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿಗೆ ಇವತ್ತು ಬೆಳಿಗ್ಗೆಯೇ ನನ್ನ ಬಾಡಿಗೆ ದುಡ್ಡಿನಲ್ಲಿ ಫೀಸು ಕಟ್ಟಿ ಬಂದಿದ್ದೇವೆ, ರಸೀದಿ ನನ್ನ ಅಕ್ಕಿ ಡಬ್ಬದಲ್ಲಿದೆ. ಶುಕ್ರವಾರ ಸಂಜೆ ದಾಟುವವರೆಗೆ ನೀನು ಗಟ್ಟಿಯಾಗಿರು. ಎಲ್ಲ ನಿನ್ನ ಮೇಲೆ ಬರುತ್ತದೆ, ತಮ್ಮನ ಮಗಳ ಓದು ಹಾಳು ಮಾಡಿದವಳು ಎಂದು ಊರೆಲ್ಲ ಹೇಳುತ್ತದೆ, ನಾನೂ ಅವನ ಮುಂದೆ ನಿನ್ನನ್ನು ಬೈಯುತ್ತೇನೆ. ಈ ವಯಸ್ಸಿನಲ್ಲಿ ಅವನ ಮನೆ ಬಿಟ್ಟರೆ ನನಗೆ ಜಾಗವಿಲ್ಲ, ಕ್ಷಮಿಸು. ಗುರುವಾರ ಅವನು ನನ್ನ ಹೆಸರು ಹೇಳಿ ಅಳುತ್ತಾನೆ, ಅಳು ನಿಜವೇ ಇರುತ್ತದೆ. ಆದರೂ ಬೇಡ. ಅಮ್ಮ ಸತ್ತಳು ಎಂದು ಹೇಳಿದರೆ ಬಂದು ಮಣ್ಣು ಹಾಕಿ ಹೋಗು, ಸಹಿ ಮಾತ್ರ ಹಾಕಬೇಡ.