ಜಡೆ ಅಳೆಯುವವರಿಗೆ ಸುರುಳಿ ಕೂದಲು

ಧಾರವಾಡ, ೧೨ ಮಾರ್ಚ್ ೧೯೩೬, ಗುರುವಾರ

ನಾಳೆ ಹೆಣ್ಣು ನೋಡಲು ಬರುವವರು ನನ್ನ ಜಡೆ ಬಿಚ್ಚಿಸಿ ಉದ್ದ ಅಳೆಯುತ್ತಾರಂತೆ. ಬಿ.ಎ.ದಲ್ಲಿ ಏನು ಓದಿದೆ ಎಂದು ಯಾರೂ ಕೇಳುವುದಿಲ್ಲ.

ಕಮ್ಮಾರ ಇಮಾಮಹುಸೇನ ಕಾಕಾ ಮಾಡಿಕೊಟ್ಟ, ಕೂದಲು ಸುರುಳಿ ಮಾಡುವ ಇಕ್ಕಳವನ್ನು ಸಂಜೆ ಕೆಂಡದಲ್ಲಿಟ್ಟೆ. ಅದರ ಒಂದು ತೋಳು ದುಂಡು ಸರಳು, ಇನ್ನೊಂದು ಅದನ್ನು ತಬ್ಬುವ ತೋಡು. ಮೊದಲು ಕಾಗದ ಹಿಡಿದು ನೋಡಿದೆ. ಕಾಗದ ಕಂದದಷ್ಟು ಇಕ್ಕಳ ಆರಿದ ಮೇಲೆ ಕೂದಲು ಸುತ್ತಿದೆ. ಸೊಂಟ ದಾಟುತ್ತಿದ್ದ ಕೂದಲು ಮೊಳದಷ್ಟು ಮೇಲೇರಿತು.

ಸೋದರತ್ತೆ ನೀಲವ್ವ ಓಡಿ ಬಂದಳು.

"ಅಯ್ಯ ನನ್ನವ್ವಾ, ಗಿಡ್ಡ ಮಾಡ್ಕೊಂಡ್ಯಲ್ಲ! ನಾಳೆ ಅವ್ರು ಏನ ಅಳೀಬೇಕು?"

"ಅಳಿಯೂದ ಬಿಟ್ಟು ನನ್ನ ಕೂಡ ಮಾತಾಡ್ಲಿ, ಅತ್ತಿ."

"ಬಾಯಿ ಬಂತೇನ ನಿನಗ?" ಎನ್ನುತ್ತ ತಂಬಿಗೆ ನೀರು ತಲೆಗೆ ಸುರಿದಳು. ಸುರುಳಿಗಳೆಲ್ಲ ಬಿಚ್ಚಿಹೋದವು.

ಬಿಚ್ಚಲಿ. ನಾಳೆ ಮತ್ತೆ ಕಾಸುತ್ತೇನೆ, ಬೀಗರು ಪಡಸಾಲೆಯಲ್ಲಿ ಕೂತ ಮೇಲೆ. ಅವರೆದುರು ನೀರು ಸುರಿಯುವ ಧೈರ್ಯ ಅತ್ತೆಗಿಲ್ಲ.